ಪೋಷಕರ ಅನುಮತಿ ಬೇಕು

ಆ ದಿನ ನಲ್ಲಿಯಲ್ಲಿ ನೀರು ಬರುವ ಸರದಿ. ಸಿಂಗಾನಲ್ಲೂರಿನ ನಮ್ಮ ಬೀದಿಯಲ್ಲಿ ನೀರು ಬಂತೆಂದರೆ ಮಿಕ್ಕ ಕೆಲಸವೆಲ್ಲ ಅದರ ಹಿಂದೆ. ಕೊಡಗಳನ್ನು ತುಂಬಿಸಿ, ಇಡ್ಲಿ ಬೇಯಿಸಿ, ಮಗಳ ಜಡೆಗೆ ರಿಬ್ಬನ್ ಕಟ್ಟಿ ಶಾಲೆಯ ವ್ಯಾನ್ ಹತ್ತಿಸಿದೆ. ಗಣಪತಿ ಬಡಾವಣೆಯ ಪಂಪ್ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿರುವ ನನ್ನ ಗಂಡ ಎಂದಿನಂತೆ ಶೂ ಹಾಕಿಕೊಂಡ ಮೇಲೆ ಕರ್ಚೀಫು ಕೇಳಿದರು. ತಂದುಕೊಟ್ಟೆ. ಮನೆ ಖಾಲಿಯಾದ ಮೇಲೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತೆ.

ಮರುದಿನ ಡಾಕ್ಟರಿಗೆ ಉತ್ತರ ಹೇಳಬೇಕಿತ್ತು. ಗರ್ಭಕೋಶ ತೆಗೆಸಿಬಿಡಿ ಎಂದಿದ್ದರು ಅವರು, ಹುಳುಕು ಹಲ್ಲು ಕೀಳಿಸಿಬಿಡಿ ಎನ್ನುವಷ್ಟು ಸಲೀಸಾಗಿ. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ, ನನ್ನ ಅಮ್ಮನಿಗೂ. ಬೇರೆ ದಾರಿ ಇದೆಯೇ ಎಂದು ನಾನೇ ಓದಿ ತಿಳಿದುಕೊಂಡು ಹೋಗಬೇಕೆಂದಿತ್ತು.

ಒಂದು ಆಸ್ಪತ್ರೆಯ ಪುಟ ಒತ್ತಿದೆ. ತೆರೆಯಲಿಲ್ಲ. ತಿಳಿನೀಲಿ ಪರದೆಯ ಮೇಲೆ ಗಾಳಿಪಟ ಹಿಡಿದ ಮಗುವಿನ ಚಿತ್ರ. ಈ ಪುಟ ನೋಡಲು ಪೋಷಕರ ಅನುಮತಿ ಬೇಕು ಎಂದಿತ್ತು. ಕೆಳಗೆ ಅನುಮತಿ ಕೇಳುವ ಗುಂಡಿ. ಇನ್ನೊಂದು ಪುಟಕ್ಕೆ ಹೋದರೂ ಅದೇ ಮಗು. ಫೋನಿನಲ್ಲೂ ಅದೇ ಖಾತೆ, ಅದೇ ಗಾಳಿಪಟ.

ಭಾನುವಾರ ಪಕ್ಕದ ಮನೆಯವರು ಬಂದು, ಮಗಳು ಕಂಡದ್ದನ್ನೆಲ್ಲ ನೋಡದ ಹಾಗೆ ಕಂಪ್ಯೂಟರನ್ನು ಸರಿಮಾಡಿ ಹೋಗಿದ್ದರು. ನಮ್ಮ ಬೀದಿಯಲ್ಲಿ ಇಂಟರ್ನೆಟ್ ನಿಂತರೂ ಪ್ರಿಂಟರ್ ಕೆಟ್ಟರೂ ಅವರನ್ನೇ ಕರೆಯುವುದು. ಪಾಸ್‌ವರ್ಡ್ ಕೂಡ ಅವರೇ ಹಾಕಿಕೊಡುತ್ತಾರೆ. ನಾನು ಬಿಸಿ ಬೋಂಡಾ ಕೊಟ್ಟು ಥ್ಯಾಂಕ್ಸ್ ಬೇರೆ ಹೇಳಿದ್ದೆ.

ಬ್ರೌಸರಿನ ಸೆಟ್ಟಿಂಗ್ಸ್ ತೆರೆದು ಒಂದೊಂದೇ ಸಾಲು ಓದಿದೆ. ಕುಟುಂಬ ಎಂಬಲ್ಲಿ ಮಕ್ಕಳು ಎಂದಿತ್ತು. ಮೊದಲು ಮಗಳ ಹೆಸರು, ಅದರ ಕೆಳಗೆ ನನ್ನ ಹೆಸರು. ಇಬ್ಬರಿಗೂ ಒಂದೇ ಹುಟ್ಟಿದ ದಿನ, ಮಗಳದು. ಬದಲಿಸಲು ಹೋದರೆ ಪೋಷಕರ ಪಾಸ್‌ವರ್ಡ್ ಕೇಳಿತು. ಗಂಡ ಎಲ್ಲದಕ್ಕೂ ಇಡುವುದು ತಮ್ಮ ಸ್ಕೂಟರಿನ ನಂಬರು. ಅದನ್ನು ಹಾಕಿದೆ, ತಪ್ಪು ಎಂದಿತು.

ಕಾನ್ವೆಂಟಿನಲ್ಲಿ ಬಚ್ಚಲಿಗೆ ಹೋಗುವುದಕ್ಕೂ ಕೈಯೆತ್ತಿ ಸಿಸ್ಟರನ್ನು ಕೇಳಬೇಕಿತ್ತು. ಆಗ ನಾನು ಮಗುವೇ, ಸರಿ. ಈಗ ನನ್ನ ಒಡಲಿನ ವಿಷಯ ಓದುವುದಕ್ಕೂ ಕೈಯೆತ್ತಬೇಕು. ಕಿವಿ ಬಿಸಿಯಾಯಿತು. ಮೀಟಿಂಗಿನ ನಡುವೆ ಗಂಡನ ಫೋನು ಬಡಿದುಕೊಳ್ಳಲಿ ಎಂದೇ ಆ ಗುಂಡಿ ಒತ್ತಿದೆ.

ಆಮೇಲೂ ತಡೆಯಲಾಗದೆ ಅವರಿಗೆ ಫೋನ್ ಮಾಡಿದೆ. ನನ್ನನ್ನು ಮಕ್ಕಳ ಜೊತೆ ಸೇರಿಸಿದ್ದು ಯಾರು ಎಂದು ಕೇಳಿದೆ. ಮಗಳು ನನ್ನ ಖಾತೆಯಿಂದ ನುಸುಳಬಾರದೆಂದು ಎರಡಕ್ಕೂ ಒಟ್ಟಿಗೆ ತಾವೇ ಬೀಗ ಹಾಕಿಸಿದ್ದಂತೆ.

“ಅದಕ್ಕೆ ನಾನೂ ನಿಮ್ಮ ಮಗಳಾಗಬೇಕಾ?”

“ಏನು ನೋಡಬೇಕು ಹೇಳೇ, ನಾನೇ ನೋಡಿ ಹೇಳ್ತೀನಿ. ಇಷ್ಟಕ್ಕೆಲ್ಲ ಯಾಕೆ ಕೂಗಾಡ್ತೀಯ?”

ನಾನು ಕೂಗಿರಲಿಲ್ಲ. ನನಗೆ ಕೂಗಲು ಬರುವುದೂ ಇಲ್ಲ. ಸಿಸ್ಟರುಗಳು ಅಷ್ಟು ಚೆನ್ನಾಗಿ ತಿದ್ದಿದ್ದಾರೆ. ನಿಮ್ಮ ಅನುಮತಿಗೆ ಗುಂಡಿ ಒತ್ತಿದ್ದೇನೆ, ದಯಪಾಲಿಸಿ ಎಂದೆ. ತಮಗೆ ಏನೂ ಬಂದಿಲ್ಲ ಎಂದರು. ಸುಳ್ಳು ಎಂದುಕೊಂಡು ಫೋನಿಟ್ಟೆ. ಅವರಿಗೆ ಹೇಳಬೇಕಾದ ಮಾತನ್ನೆಲ್ಲ ಬಿಡಿಸುತ್ತಿದ್ದ ನುಗ್ಗೆಸೊಪ್ಪಿಗೆ ಹೇಳಿದೆ.

ಊಟವಾದ ಮೇಲೆ ಮತ್ತೆ ಒತ್ತಿದರೆ ಪುಟ ತಾನಾಗಿ ತೆರೆದುಕೊಂಡಿತು. ಓದಿದೆ. ಮಾತ್ರೆಯಲ್ಲೇ ಗುಣವಾಗುವುದೂ ಉಂಟಂತೆ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಕೊನೆಗೂ ಅನುಮತಿ ಕೊಟ್ಟರಲ್ಲ ಎಂದು ಗಂಡನ ಮೇಲಿನ ಸಿಟ್ಟು ಇಳಿಯಲಿಲ್ಲ. ಕೊಟ್ಟಿದ್ದಕ್ಕೇ ಇನ್ನಷ್ಟು ಏರಿತು.

ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಾಂಪೌಂಡಿನಾಚೆ, ಕಂಪ್ಯೂಟರ್ ಸರಿಮಾಡಿದವರ ಹೆಂಡತಿ ಮಲ್ಲಿಗೆ ಗಿಡಕ್ಕೆ ಚೊಂಬಿನಲ್ಲಿ ನೀರು ಹಾಕುತ್ತಿದ್ದರು. ಅವರದು ತಲೆಮಾರುಗಳಿಂದ ಈ ತಮಿಳು ನೆಲದಲ್ಲೇ ನೆಲೆಸಿದ ಕನ್ನಡ ನೇಕಾರರ ಮನೆ. ಕನ್ನಡ ಓದಲು ಬಾರದು, ತಮಿಳಿನ ರಾಗದಲ್ಲಿ ಮಾತಾಡುತ್ತಾರೆ. ಹಣ್ಣೆಲೆ ಕೀಳುತ್ತಾ, ತಲೆಯೆತ್ತದೆ ಅಂದರು:

“ಅಕ್ಕಾ, ಗರ್ಭಕೋಶದ್ದು ಏನೋ ನೋಡ್ಬೇಕು ಅಂತ ಕೇಳಿದ್ರಲ್ಲ, ಅದು ನಮ್ಮವ್ರ ಫೋನ್‌ಗೆ ಬಂದ್ಬುಡ್ತು. ಊಟಕ್ಕೆ ಬಂದಾಗ ಓಕೆ ಕೊಟ್ಟವ್ರೆ. ಕವಲೆ ಬೇಡ, ಚಿಂತೆ ಮಾಡ್ಬೇಡಿ, ಇನ್ನೂ ಏನಾದ್ರೂ ನೋಡ್ಬೇಕಂದ್ರೆ ಒತ್ತಿ, ಅವ್ರು ಕೊಡ್ತಾರೆ.”