ಪಾಪರ್ ಚೀಟಿಗೆ ಹೋದ ದಿನ

ಅವತ್ತೂ ಎಂದಿನಂತೆ ಮಂಡಕ್ಕಿ ನೆನೆಸಿ, ಹಿಂಡಿ, ಒಗ್ಗರಣೆಗೆ ಈರುಳ್ಳಿ ಹೆಚ್ಚಿಕೊಂಡೆ. ದೇವರ ಮುಂದಿನ ಬಾಡಿದ ಮಲ್ಲಿಗೆಯನ್ನು ತೆಗೆದು ಗಿಡದ ಬುಡಕ್ಕೆ ಹಾಕಿದೆ. ಹಡಗಲಿಯಲ್ಲಿರುವ ನನ್ನ ತಮ್ಮನದು ಮಲ್ಲಿಗೆ ತೋಟ. ವಾರಕ್ಕೊಮ್ಮೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟೂರಿಗೆ ಹೂವು ಕಳಿಸುತ್ತಾನೆ.

ನಮ್ಮವರು ಇಸ್ತ್ರಿ ಮಾಡಿಟ್ಟ ಶರ್ಟು ಬಿಟ್ಟು, ಕಾಲರ್ ಸವೆದ ಹಳೆಯದನ್ನು ಹುಡುಕಿ ಹಾಕಿಕೊಂಡರು. ಉಂಗುರ ಬಿಚ್ಚಿಟ್ಟರು. ಬೆರಳಿನ ಮೇಲೆ ಅದರ ಬಿಳಿ ಗುರುತು ಉಳಿಯಿತು.

"ಇದ್ಯಾಕ್ರಿ?" ಎಂದೆ.

"ಪಾಪರ್ ಆಗಾಕ ಹೊಂಟವ್ರು ಮದುವಿಗೆ ಹೋದಂಗ ಹೋಗ್ತಾರೇನು?"

ಹಾರ್ಡ್‌ವೇರ್ ಅಂಗಡಿ ಮುಚ್ಚಿ, ಸಾಲ ಕೊಟ್ಟ ಸಂಘದವರು ಬಾಗಿಲಿಗೆ ಬರತೊಡಗಿದ ಮೇಲೆ ಮನೆಯೊಳಗೆ ಬಂದ ಮಾತು ಅದು. ತೀರಿಸಲಾರೆನೆಂದು ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕುವುದಕ್ಕೆ ನಮ್ಮ ಕಡೆ ಪಾಪರ್ ಚೀಟಿ ಎನ್ನುತ್ತಾರೆ. ಕಾನ್ವೆಂಟಿನಲ್ಲಿ ನಾನು ಕಡುಬಡವ ಎಂಬರ್ಥದ ಆ ಇಂಗ್ಲಿಷ್ ಪದವನ್ನು ಪಾಪರ್ ಎಂದಾಗ ಸಿಸ್ಟರ್ ತಿದ್ದಿದ್ದರು, ಪೋಪರ್ ಅನ್ನಬೇಕು ಎಂದು. ಈಗ ನೋಡಿದರೆ ನಮ್ಮ ಊರಿನ ಉಚ್ಚಾರವೇ ಸರಿ. ಪಾಪ ಅದರೊಳಗೇ ಇದೆ.

ಇಬ್ಬರೂ ಬಸ್ಸು ಹತ್ತಿ ಹರಪನಹಳ್ಳಿಗೆ ಹೋದೆವು. ಅಲ್ಲಿನ ವಕೀಲರು ಎಲ್ಲ ಕೇಳಿಕೊಂಡು, "ಅರ್ಜಿ ಹಾಕಬಹುದ್ರಿ. ಜಾಮೀನು ಯಾರು ಹಾಕ್ಯಾರ?" ಎಂದರು.

ನಮ್ಮವರು ಫ್ಯಾನು ನೋಡಿದರು. ನಾನೇ ಹೇಳಿದೆ, "ನನ್ನ ತಮ್ಮ ಹಾಕ್ಯಾನ್ರಿ."

"ಹಂಗಾರ ಸಂಘದೋರು ಅವರನ್ನ ಹಿಡೀತಾರ್ರಿ. ಇವರು ಪಾರಾದ್ರೂ ಜಾಮೀನುದಾರ ಪಾರಾಗಂಗಿಲ್ಲ. ಅವರ ಹೆಸರಿಗೆ ಏನರ ಐತೇನು?"

"ಹೂವಿನ ತೋಟ ಐತ್ರಿ."

"ಅವನೂ ಒಂದು ಚೀಟಿ ತಗೊಳ್ಳಲಿ ಬಿಡ್ರಿ," ಎಂದರು ನಮ್ಮವರು. ವಕೀಲರು ನಕ್ಕರು. ನಾನು ಚಹಾದ ಮೇಲೆ ಕಟ್ಟಿದ ಕೆನೆಯನ್ನು ನೋಡುತ್ತ ಕುಳಿತೆ. ಸಾಲ ತೆಗೆದ ವರ್ಷದ ಯುಗಾದಿಯಂದು ತಮ್ಮ ಹೋಳಿಗೆಯ ತುಪ್ಪದ ಕೈಯನ್ನು ಟವೆಲಿಗೆ ಒರೆಸಿಕೊಂಡು, ಜಾಮೀನು ಪತ್ರ ಓದದೆಯೇ, "ಎಲ್ಲಿ ಹಾಕ್ಲಿ ಮಾವ?" ಎಂದು ಸಹಿ ಮಾಡಿದ್ದ.

"ಸೋಮವಾರ ಬರ್ತೀವ್ರಿ, ಅರ್ಜಿ ಬರೆದಿಡ್ರಿ," ಎಂದು ಹೇಳಿ ನಮ್ಮವರು ಎದ್ದರು.

ಮರಳುವ ಬಸ್ಸಿನಲ್ಲಿ ನಾನು, "ಮನಿ ಮಾರೋಣ್ರಿ," ಎಂದೆ.

"ಮಾರಿದ್ರ ಅರ್ಧ ತೀರತೈತಿ. ಉಳಿದದ್ದು?"

"ದುಡಿಯೋಣ."

"ನೀನಾ?" ಎಂದು ನಕ್ಕರು. ಮುಂದಿನ ಸೀಟಿನವರೂ ತಿರುಗಿ ನೋಡಿದರು. ಮದುವೆಯಾದ ಹೊಸದರಲ್ಲಿ, ಮನೆ ಹತ್ತಿರದ ಶಾಲೆಯಲ್ಲಿ ಕಲಿಸುತ್ತೇನೆಂದಾಗ ಬೇಡ ಎಂದಿದ್ದವರು ಇವರೇ. ಆಗಲೂ ಹೀಗೆಯೇ ನಕ್ಕಿದ್ದರು.

ಸಂಜೆ ಬಸ್‌ಸ್ಟ್ಯಾಂಡಿನಿಂದ ಹೂವಿನ ಪೊಟ್ಟಣ ಬಂತು. ಬಾಳೆಎಲೆ ಬಿಚ್ಚಿದೆ. ಮೊಗ್ಗುಗಳು ಇನ್ನೂ ಅರಳಿರಲಿಲ್ಲ. ಮುಡಿಯಲು ಮನಸ್ಸಾಗದೆ ಹಿತ್ತಲ ಕಟ್ಟೆಯ ಮೇಲಿಟ್ಟು ಫೋನು ಹಚ್ಚಿದೆ.

"ಹೂ ಮುಟ್ಟಿದವೇನಕ್ಕಾ?" ಎಂದ ತಮ್ಮ.

"ಮುಟ್ಟಿದವಪ್ಪ. ನಾಳೆ ಬಾ. ನಿನಗ ಹೇಳೋದೈತಿ."

"ಏನು, ಮಾವ ಹೊಸ ಅಂಗಡಿ ಹಾಕ್ತಾನೇನು?"

"ಬಾ ನೀನು," ಎಂದು ಇಟ್ಟೆ.

ಪಕ್ಕದ ಮನೆಯಾಕೆ ಗೋಡೆಯ ಆಚೆ ಬಟ್ಟೆ ತೆಗೆಯುತ್ತ ಎಲ್ಲ ಕೇಳಿಸಿಕೊಂಡಿದ್ದರು.

"ತಮ್ಮ ಬರ್ತಾನೇನ್ರಿ ನಾಳಿಗೆ? ಯಾವಾಗಲೂ ಅವನ ಹೂವು ಮುಡಿಯೋದ ಆತು. ಈ ಸಲನಾರ ಬರಿಗೈಲೆ ಕಳಿಸಬ್ಯಾಡ್ರಿ ಮತ್ತ."