ಆಪಾ ಮೂರು ಸಲ ಕೇಳುತ್ತಿದ್ದರು

ಹೋದ ವಾರ ಹೊಲಿಗೆ ಮಷೀನು ರಿಪೇರಿ ಮಾಡುವವನು ಮನೆಗೆ ಬಂದಿದ್ದ. ಪುಟ್ಟ ಡಬ್ಬಿ ಒತ್ತಿ ಅವನು ಎಣ್ಣೆ ಬಿಟ್ಟ ಕೂಡಲೇ ಆ ವಾಸನೆ ಪಡಸಾಲೆಯಲ್ಲೆಲ್ಲ ಹರಡಿತು. ನಾನು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟೆ. ಬೀದರಿನ ಚಿದ್ರಿಯಲ್ಲಿ, ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಿಂದ ತಿಂಗಳಿಗೊಮ್ಮೆ ಇದೇ ವಾಸನೆ ಬರುತ್ತಿತ್ತು. ಅಲ್ಲಿ ಹೊಲಿಗೆ ಮಷೀನು ಇರಲಿಲ್ಲ... ಕೀಲಿ ಕೊಟ್ಟು ತಿರುಗಿಸುವ ಗ್ರಾಮೊಫೋನು ಇತ್ತು. ಆಪಾ ಅದಕ್ಕೆ ಎಣ್ಣೆ ಹಾಕುತ್ತಿದ್ದರು.

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸಾಲೆಗಳಲ್ಲಿ ಕನ್ನಡ ಕಲಿಸುವವರು ಬೇಕಾಗಿದ್ದರು. ಭಾಲ್ಕಿಯಲ್ಲಿ ಕನ್ನಡ ಓದಿಕೊಂಡಿದ್ದ ನನಗೆ ಬೀದರಿನ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಕೆಲಸ ಸಿಕ್ಕಿತು. ಆಪಾ ಅದೇ ಸಾಲೆಯಲ್ಲಿ ಹದಿನೈದು ವರ್ಷಗಳಿಂದ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಆಪಾ ಎಂದರೆ ಅಕ್ಕ. ಮಕ್ಕಳಿಗೂ ಅಕ್ಕ, ನಮಗೂ ಅಕ್ಕ. ನಲವತ್ತರ ಹೆಂಗಸು, ಒಂಟಿಯಾಗಿ ಇರುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ.

ಅವರ ತಮ್ಮ ಹೈದರಾಬಾದಿನಲ್ಲಿ ರೆಕಾರ್ಡು ಮಾರುವ ಅಂಗಡಿಯಲ್ಲಿದ್ದ. ಹೊಸದಾಗಿ ಬಂದ ರೆಕಾರ್ಡುಗಳಲ್ಲಿ ಒಂದೊಂದನ್ನು ಬಟ್ಟೆಯಲ್ಲಿ ಸುತ್ತಿ, ಬೀದರಿಗೆ ಬರುವ ಯಾರ ಕೈಯಲ್ಲಾದರೂ ಕಳಿಸುತ್ತಿದ್ದ. ರೆಕಾರ್ಡಿಗೆ ಆಪಾ ‘ತವಾ’ ಎನ್ನುತ್ತಿದ್ದರು. ರೊಟ್ಟಿ ಸುಡುವ ಹಂಚಿಗೂ ಅದೇ ಹೆಸರು. ಕೇಳಿ ನೋಡಿ, ಯಾವುದು ಎಂಥದ್ದು ಎಂದು ಉರ್ದುವಿನಲ್ಲಿ ಬರೆದು, ಆ ಚೀಟಿಯೊಂದಿಗೆ ತವಾಗಳನ್ನು ವಾಪಸು ಕಳಿಸುವುದು ಅವರ ಕೆಲಸ. ಅಕ್ಕ ಒಳ್ಳೆಯದು ಅಂದದ್ದನ್ನು ತಮ್ಮ ಹೆಚ್ಚು ತರಿಸುತ್ತಿದ್ದನಂತೆ.

ಅವರು ಕೇಳುವ ರೀತಿಯೇ ನನಗೆ ಮೊದಮೊದಲು ವಿಚಿತ್ರವಾಗಿ ಕಂಡಿತ್ತು. ಒಂದೊಂದನ್ನೂ ಮೂರು ಸಲ ಹಾಕುತ್ತಿದ್ದರು. ಮೊದಲ ಸಲ ಕಣ್ಣು ಮುಚ್ಚಿ ಕೂಡುತ್ತಿದ್ದರು. ಎರಡನೆಯ ಸಲ ಅಕ್ಕಿ ಆರಿಸುತ್ತಲೋ ಸೊಪ್ಪು ಬಿಡಿಸುತ್ತಲೋ ಕೇಳುತ್ತಿದ್ದರು. ಮೂರನೆಯ ಸಲ ಅಂಗಳ ದಾಟಿ ಹೊರಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

“ಮೊದಲನೇದು ಹಾಡೋರ ಸಲುವಾಗಿ. ಎರಡನೇದು ನನ್ನ ಸಲುವಾಗಿ” ಎಂದರು. “ಮೂರನೇದು ದಾರ್ಯಾಗ ಹೋಗೋರ ಸಲುವಾಗಿ. ಅವರು ನಿಂತು ಕೇಳ್ತಾರ ಇಲ್ಲ ನೋಡಬೇಕಲ್ರಿ ಬಾಯಿ?”

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಿ ಎನ್ನುವುದು ರೂಢಿ.

ಉರ್ದುವಿನಲ್ಲಿ ಕಲಿಸುವವರೆಲ್ಲ ಕನ್ನಡ ಕಲಿತು ಪರೀಕ್ಷೆ ಪಾಸಾಗಬೇಕು ಎಂಬ ಆದೇಶ ಬಂದಿತು. ಆಪಾ ಒಂದು ಸಂಜೆ ಪಾಟಿ ಹಿಡಿದು ನನ್ನ ಬಾಗಿಲಿಗೆ ಬಂದರು. ಅವರಿಗೆ ಸಂತೆಯ ಕನ್ನಡ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಒಂದು ತಿಂಗಳಲ್ಲಿ ಅಕ್ಷರ ಕೂಡಿದವು. ಆದರೆ ‘ಆಕಳು ಸಾಧು ಪ್ರಾಣಿ’ ಎಂದು ಬರೆಸಿದರೆ ಆಕಳಿಸುತ್ತಿದ್ದರು. ಕೊನೆಗೆ ನಾನೇ, ತವಾಗಳ ಬಗ್ಗೆ ಕನ್ನಡದಲ್ಲಿ ಹೇಳಿರಿ, ಆಮೇಲೆ ಅದನ್ನೇ ಬರೆಯಿರಿ ಎಂದೆ. ಅಲ್ಲಿಂದ ನನ್ನ ಪಾಠ ಮುಗಿದು ಅವರ ಪಾಠ ಶುರುವಾಯಿತು ಎನ್ನಬೇಕು.

ಒಂದು ಕವ್ವಾಲಿ ಬಂದಿತ್ತು. “ಮುಂದಿನವರಿಗಿ ಅವಸರ ಭಾಳ. ಹಿಂದ ಚಪ್ಪಾಳಿ ಹೊಡಿಯೋರಿಗೇ ಎಲ್ಲಿ ನಿಲ್ಲಬೇಕಂತ ಗೊತ್ತದ” ಎಂದರು. ಮರಾಠಿ ನಾಟಕದ ಹಾಡಿಗೆ, “ಮೂರು ನಿಮಿಷದಾಗ ನಾಟಕಾ ಪೂರಾ ಮುಗಸಲಾಕ್ ಹೊಂಟಾರ.” ವಿಲಾಯತಿ ಬ್ಯಾಂಡು ಕೇಳಿ ನಕ್ಕರು. “ಇದಕ್ಕ ದುಃಖ ಅಂದ್ರ ಯಾನಂತ ಗೊತ್ತಿಲ್ಲ. ಆದ್ರ ಕಾಲಿಗಿ ಸುಮ್ಮ ಕೂಡಲಾಕ್ ಬಿಡಲ್ಲ.” ಮುದುಕರೊಬ್ಬರು ಹಾಡಿದ ಹಿಂದುಸ್ತಾನಿ ಖಯಾಲು ಮುಗಿದಾಗ ಮಾತ್ರ ಪಾಟಿ ಪಕ್ಕಕ್ಕಿಟ್ಟರು. ಆಮೇಲೆ ಮೆಲ್ಲಗೆ, “ಇವರ ದನಿ ಒಡದದ. ಒಡದಲ್ಲಿಂದೇ ಬೆಳಕು ಬರ್ಲತ್ತದ” ಎಂದರು. ನಾನು ಆ ವಾಕ್ಯವನ್ನು ತಿದ್ದಲಿಲ್ಲ.

ಮರುವರ್ಷ ಸಾಲೆಯಲ್ಲಿ ರಾಜ್ಯ ಸೇರಿದ ದಿನದ ಸಮಾರಂಭ. ಧಾರವಾಡದಿಂದ ಬಂದವರೊಬ್ಬರ ಕೈಯಲ್ಲಿ ನಾನು ನಾಡಿನ ಮೇಲಿನ ಕನ್ನಡ ಹಾಡಿನ ರೆಕಾರ್ಡೊಂದನ್ನು ತರಿಸಿದ್ದೆ. ಬೀದರಿನಲ್ಲಿ ಅಂಥದ್ದನ್ನು ನಾನೇ ಮೊದಲು ಕೇಳಿಸುತ್ತಿರುವೆನೆಂಬ ಹೆಮ್ಮೆ ಇತ್ತು. ಆಪಾ ಟಾಂಗಾದಲ್ಲಿ ತಮ್ಮ ಗ್ರಾಮೊಫೋನು ತಂದರು. ಹಾಡು ಮುಗಿಯಿತು. ಮೈಸೂರಿನ ಕಡೆಯಿಂದ ಬಂದಿದ್ದ ಅಧಿಕಾರಿ ನಗುತ್ತ ಆಪಾರತ್ತ ತಿರುಗಿದರು.

“ಹೇಗಿದೆಯಮ್ಮ, ನಮ್ಮ ಕನ್ನಡದ ಹಾಡು?”

ಚೆನ್ನಾಗಿದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಡು ಹೇಗಿದೆ ಎಂದು ಯಾರಾದರೂ ಕೇಳಿದರೆ ಆಪಾ ಪೂರಾ ಉತ್ತರ ಕೊಡುವವರು.

“ಮಾತು ಭಾಳ ಛಲೋ ಅವರಿ, ಸಾಹೇಬ್ರ. ಆದ್ರ ಹಾಡಿದೋರು ನೋಟೀಸ್ ಓದಿದಂಗ ಹಾಡ್ಯಾರ.”

ಅಧಿಕಾರಿಯ ನಗು ಇಳಿಯಿತು. ನನ್ನ ಮುಖ ಉರಿಯಿತು. ನಾನು ಅಷ್ಟು ದೂರದಿಂದ ತರಿಸಿದ ಹಾಡು...

ಎರಡು ದಿನ ಬಿಟ್ಟು ಹೆಡ್‌ಬಾಯಿಯವರು ನನ್ನನ್ನು ಕರೆದರು. “ನೀವು ಅವರ ಬಾಜೂಕ ಇರ್ತೀರಿ. ಅವರಿಗಿ ಕನ್ನಡದ ಮ್ಯಾಲ ಯಾನರ ಸಿಟ್ಟದ ಏನ್ರಿ?”

ನೂರು ಸಂಜೆ ಅವರ ಜೊತೆ ಕುಳಿತವಳು ನಾನು. ಎಲ್ಲ ಭಾಷೆಯ ಹಾಡಿಗೂ ಅವರದು ಒಂದೇ ತಕ್ಕಡಿ ಎಂದು ನನ್ನಷ್ಟು ಬಲ್ಲವರು ಆ ಸಾಲೆಯಲ್ಲಿ ಇರಲಿಲ್ಲ. ಆದರೂ ಸಿಟ್ಟಿನಲ್ಲಿದ್ದೆ.

“ನನಗ ಗೊತ್ತಿಲ್ರಿ” ಎಂದೆ.

ತಿಂಗಳೊಳಗೆ ಆಪಾರಿಗೆ ದೂರದ ಔರಾದಿಗೆ ವರ್ಗವಾಯಿತು. ಗ್ರಾಮೊಫೋನನ್ನು ರಜಾಯಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದರು. ಹೋಗುವಾಗ ಪಾಠದ ವಹಿ ನನ್ನ ಕೈಗಿಟ್ಟು, “ತಪ್ಪು ತಿದ್ದಿ ಇಡ್ರಿ ಬಾಯಿ” ಎಂದರು. ಅವತ್ತು ಮಧ್ಯಾಹ್ನ ತೆರೆದು ನೋಡಿದೆ. ನನ್ನ ರೆಕಾರ್ಡಿನ ಬಗ್ಗೆ ಸೊಟ್ಟ ಅಕ್ಷರಗಳಲ್ಲಿ ಅರ್ಧ ಪುಟ ಬರೆದಿದ್ದರು. ‘ಮಾತು ಚಿನ್ನ. ಹಾಡಿದವರಿಗೆ ಭಯ. ಇದನ್ನು ಕಮಠಾಣದ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಹಾಡಬೇಕು. ಅವರ ತವಾ ಯಾಕೆ ಬರುವುದಿಲ್ಲ? ತಮ್ಮನಿಗೆ ಕೇಳಬೇಕು.’ ನಾನು ವಹಿ ಮುಚ್ಚಿದೆ. ತಿದ್ದಲು ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಮುಂದಿನ ರವಿವಾರವೇ ಔರಾದಿನ ಬಸ್ಸು ಹತ್ತಿದೆ. ಒಂದು ಕೋಣೆಯ ಮನೆ. ಆಪಾ ಚಾ ಕೊಟ್ಟರು. ಲೋಟ ಕೆಳಗಿಡದೆಯೇ ಹೆಡ್‌ಬಾಯಿ ಕೇಳಿದ್ದು, ನಾನು ಹೇಳಿದ್ದು ಎಲ್ಲ ಹೇಳಿದೆ.

ಅವರು ತಮ್ಮ ಲೋಟ ಕೆಳಗಿಟ್ಟರು. “ಸಾಹೇಬ್ರು ಹಾಡಿನ ಬಗ್ಗೆ ಕೇಳಿದ್ರು, ನಾ ಖರೆ ಹೇಳ್ದೆ” ಎಂದರು. “ನಿಮಗಿ ನನ್ನ ಬಗ್ಗೆ ಕೇಳಿದ್ರು, ಬಾಯಿ. ನೀವೂ ಖರೆ ಹೇಳ್ಬೇಕಾಗಿತ್ತು.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಎದ್ದು ಹೊಸದೊಂದು ತವಾ ಹಾಕಿದರು. ಯಾವುದೋ ಸಿನಿಮಾದ ಹಾಡು. ಮೂರು ಸಲವೂ ಇಬ್ಬರೂ ಕೂತು ಕೇಳಿದೆವು.

“ಈಗ ಹೇಳ್ರಿ. ಹ್ಯಾಂಗದ?”

ಅವರಿಗೆ ಅದು ಬಹಳ ಹಿಡಿಸಿದೆಯೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ನನಗ ಹಿಡಸಲಿಲ್ರಿ ಆಪಾ. ಸುಮ್ಮ ಸುಮ್ಮನೆ ಅತ್ತಂಗ ಅದ.”

ಅವರು ಒಂದು ಕ್ಷಣ ನನ್ನನ್ನು ದಿಟ್ಟಿಸಿದರು. ಆಮೇಲೆ ಜೋರಾಗಿ ನಕ್ಕು, ಕಾಗದ ಎಳೆದುಕೊಂಡು ತಮ್ಮನಿಗೆ ಬರೆಯುತ್ತಿದ್ದ ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು. “ಭಾಲ್ಕಿ ಬಾಯಿಗಿ ಇದು ಸೇರಿಲ್ಲ ಅಂತ ಬರ್ದೀನಿ” ಎಂದರು.

ಪರೀಕ್ಷೆ ಎರಡನೆಯ ಸಲಕ್ಕೆ ಪಾಸಾದರು. ಬೀದರಿಗೆ ವಾಪಸು ವರ್ಗ ಮಾತ್ರ ಆಗಲಿಲ್ಲ. ನಿವೃತ್ತಿಯವರೆಗೂ ಔರಾದಿನಲ್ಲೇ ಇದ್ದು, ಆಮೇಲೆ ತಮ್ಮನ ಬಳಿಗೆ ಹೋದರು. ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು, ಕನ್ನಡದಲ್ಲಿ. ಕಾರ್ಡಿನ ತುಂಬ ಹಾಡುಗಳೇ. ಆರೋಗ್ಯದ ಸುದ್ದಿ ಒಂದು ಸಾಲೂ ಇರುತ್ತಿರಲಿಲ್ಲ. ಹಾಗಾಗಿ ಕಾರ್ಡು ನಿಂತಾಗ ನನಗೆ ಕಾರಣ ತಿಳಿಯಲಿಲ್ಲ... ನಾನು ಬರೆದ ಕಾಗದಕ್ಕೆ ಅವರ ತಮ್ಮನ ಉತ್ತರ ಬರುವಷ್ಟರಲ್ಲಿ ಆಪಾ ತೀರಿ ನಾಲ್ಕು ತಿಂಗಳಾಗಿತ್ತು.

ಈಗ ಮೊಮ್ಮಗಳು ತನ್ನ ಮೊಬೈಲಿನಲ್ಲಿ ದಿನಕ್ಕೊಂದು ಹಾಡು ಕೇಳಿಸುತ್ತಾಳೆ. “ಅಜ್ಜೀ, ಹ್ಯಾಂಗದ?” ಎನ್ನುತ್ತಾಳೆ. ನನಗೆ ಅನ್ನಿಸಿದ್ದನ್ನೇ ಹೇಳುತ್ತೇನೆ. ಕೆಲವೊಮ್ಮೆ ಮುನಿಸಿಕೊಂಡು ಎದ್ದು ಹೋಗುತ್ತಾಳೆ. ಮರುದಿನ ಮತ್ತೊಂದು ಹಾಡು ಹುಡುಕಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂಡುತ್ತಾಳೆ. ಅವಳಿಗೆ ಹೀಗೆ ಖರೆ ಹೇಳುವುದು ಸುಲಭ. ಅದರಿಂದ ಯಾರಿಗೂ ವರ್ಗವಾಗುವುದಿಲ್ಲ.