ಗಂಗಣ್ಣ ಇಳಿಸಿಕೊಟ್ಟ ಹಾಡು

ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗಂಗಣ್ಣ ಯಾವತ್ತೂ ‘ಆಗಲ್ಲ’ ಎಂದವರಲ್ಲ. ‘ಆಗುತ್ತೆ ಮೇಡಮ್, ಆದ್ರೆ…’ ಎನ್ನುತ್ತಿದ್ದರು. ಆ ‘ಆದ್ರೆ’ಗೆ ಕನಿಷ್ಠ ಮೂರು ವಾರ ಹಿಡಿಯುತ್ತಿತ್ತು.

ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಬಿಟ್ಟು ಬೇರೇನನ್ನೂ ಅವರು ಮುಟ್ಟುತ್ತಿರಲಿಲ್ಲ. ವಿಂಡೋಸ್ ಹಾಕಿಕೊಡಿ ಎಂದು ಬಂದವರನ್ನು, ‘ಕಿಟಕಿ ಬೇಕಾದ್ರೆ ಬಡಗಿ ತಾವ ಹೋಗಪ್ಪ’ ಎಂದು ಸಾಗಹಾಕುವರು. ಹೀಗಾಗಿ ಅಂಗಡಿಯಲ್ಲಿ ಗಿರಾಕಿಗಳಿಗಿಂತ ಸಿದ್ಧಾಂತವೇ ಹೆಚ್ಚಿತ್ತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ನಾನು ಅವರ ಮಾತಿಗೆ ಮರುಳಾಗಿ ನನ್ನ ಹಳೇ ಲ್ಯಾಪ್‌ಟಾಪಿಗೂ ಲಿನಕ್ಸ್ ಹಾಕಿಸಿಕೊಂಡಿದ್ದೆ.

ಹುಳಿಯಾರು ಸುತ್ತಿನ ಹಟ್ಟಿಗಳಲ್ಲಿ ಹೆಂಗಸರು ಹಾಡುವುದನ್ನು ವರ್ಷಗಟ್ಟಲೆ ರೆಕಾರ್ಡ್ ಮಾಡಿದ್ದೆ, ಫೋಟೊ ತೆಗೆದಿದ್ದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಇಂಟರ್‌ನೆಟ್ಟಿನ ಕ್ಲೌಡಿಗೆ ಹಾಕಿದ್ದಾಗಿತ್ತು. ನನಗೆ ಬೇಕಿದ್ದದ್ದು ಇಷ್ಟೇ: ಫೋಲ್ಡರಿನಲ್ಲಿ ಎಲ್ಲದರ ಹೆಸರೂ ಕಾಣಬೇಕು, ಯಾವುದನ್ನು ಒತ್ತುತ್ತೇನೋ ಅದೊಂದೇ ಇಳಿದು ಬರಬೇಕು.

ಮೊದಲ ಸಲ ಗಂಗಣ್ಣ ಎಲ್ಲವನ್ನೂ ಇಳಿಸಿಬಿಟ್ಟರು. ಲ್ಯಾಪ್‌ಟಾಪ್ ಉಸಿರುಗಟ್ಟಿ ನಿಂತಿತು. ಎರಡನೇ ಸಲ ಹೆಸರುಗಳಷ್ಟೇ ಕಂಡವು. ಗೆದ್ದೆವೆಂದು ಖಾರಾಬನ್ ತರಿಸಿ ತಿಂದೆವು. ಮನೆಗೆ ಬಂದು ಫೋಲ್ಡರ್ ತೆರೆದರೆ, ಪ್ರತಿ ಫೋಟೊದ ಪುಟ್ಟ ಚಿತ್ರ ತೋರಿಸುವ ಉತ್ಸಾಹದಲ್ಲಿ ಅದು ಒಂದೊಂದನ್ನೇ ಇಳಿಸುತ್ತ ಕೂತಿತು. ಸಂಜೆಗೆ ನನ್ನ ಡೇಟಾ ಖಾಲಿ.

‘ತಪ್ಪು ಲಿನಕ್ಸಿಂದಲ್ಲ ಕಣ್ರೀ,’ ಎಂದರು ಗಂಗಣ್ಣ. ‘ನೀವು ಫೋಲ್ಡರ್ ತೆಗೆದಿದ್ದೇ ತಪ್ಪು.’

ಮೂರನೇ ಸಲ ಸರಿಹೋಯಿತು. ಸಾಧನೆ ತೋರಿಸಲು ಅವರೇ ನನ್ನೊಂದಿಗೆ ಕಂದಿಕೆರೆ ಹತ್ತಿರದ ಹಟ್ಟಿಗೆ ಹೊರಟರು. ಅಲ್ಲಿ ಕರಿಯಮ್ಮಜ್ಜಿಗೆ ತೀರಿಹೋದ ತಂಗಿ ಹಾಡಿದ್ದನ್ನು ಕೇಳಬೇಕಿತ್ತು. ಜನ ಸೇರಿದರು. ಗಂಗಣ್ಣ ಲಿನಕ್ಸಿನ ಹಿರಿಮೆ ಕುರಿತು ಭಾಷಣ ಮುಗಿಸಿ ತಂಗಿಯ ಹೆಸರಿನಲ್ಲಿದ್ದ ಹಾಡನ್ನು ಒತ್ತಿದರು. ಹಟ್ಟಿಯಲ್ಲಿ ಸಿಗ್ನಲ್ ಇರಲಿಲ್ಲ.

‘ಹೆಸರು ಐತಲ್ಲಜ್ಜಿ, ನೋಡು!’

‘ಹೆಸರು ನಂಗೂ ಗೊತ್ತು ಕಣಪ್ಪ. ತೊಟ್ಲು ತೂಗಿ ಆ ಹೆಸ್ರು ಕರ್ದೋಳೇ ನಾನು. ದನಿ ಎಲ್ಲೈತೆ?’

ಗಂಗಣ್ಣನ ಮುಖ ಸಣ್ಣದಾಯಿತು. ಅಜ್ಜಿಯನ್ನು ಸ್ಕೂಟರಿನ ಹಿಂದೆ ಕೂರಿಸಿ, ಲ್ಯಾಪ್‌ಟಾಪನ್ನು ಅವಳ ಮಡಿಲಿಗಿಟ್ಟು, ಕೆರೆ ಏರಿ ಹತ್ತಿಸಿದರು. ನಾನು ಹಿಂದೆ ಓಡಿದೆ. ಏರಿ ಮೇಲೆ ಅವರ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬಂತು. ಹಾಡೂ ಬಂತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು. ಗಂಗಣ್ಣ ನೀರಿನ ಕಡೆ ತಿರುಗಿ ನಿಂತಿದ್ದರು.

‘ಮೇಡಮ್, ಇದೊಂದು ನಮ್ಮ ತಾವೇ ಇರ್ಲಿ ಬುಡಿ,’ ಎಂದರು, ಹಾಡು ಮುಗಿದ ಮೇಲೆ. ‘ಎಲ್ಲಾನೂ ಮೇಲೆ ಕ್ಲೌಡಲ್ಲಿಟ್ರೆ ಆಗಲ್ಲ.’

ಮರುವಾರ ತಾವೇ ಹಟ್ಟಿಗೆ ಹೋಗಿ, ಅಜ್ಜಿಯ ಬಟನ್ ಫೋನಿಗೆ ಆ ಹಾಡು ತುಂಬಿದ ಮೆಮೊರಿ ಕಾರ್ಡ್ ಹಾಕಿ ಬಂದರಂತೆ. ನನಗೆ ಹೇಳಲಿಲ್ಲ. ಅಜ್ಜಿಯೇ ಹೇಳಿದಳು.

ಹೋದ ಆಷಾಢದಲ್ಲಿ, ಅಂಗಡಿ ಬಾಗಿಲು ತೆಗೆಯುವಾಗಲೇ ಎದೆನೋವು ಬಂದು ಗಂಗಣ್ಣ ತೀರಿಕೊಂಡರು. ಈಗಲ್ಲಿ ಬೇರೆ ಯಾರೋ ಮೊಬೈಲ್ ಕವರ್ ಮಾರುತ್ತಾರೆ. ಅವರು ಕಟ್ಟಿಕೊಟ್ಟ ಏರ್ಪಾಟು ಇನ್ನೂ ನಡೆಯುತ್ತಿದೆ. ಲ್ಯಾಪ್‌ಟಾಪ್ ಮಾತ್ರ ದಿನಾ ಬೆಳಿಗ್ಗೆ ಅಪ್‌ಡೇಟ್ ಮಾಡಲೇ ಎಂದು ಕೇಳುತ್ತದೆ. ಮಾಡಿ ಏನಾದರೂ ಕೆಟ್ಟರೆ ಯಾರನ್ನು ಬೈಯಲಿ? ‘ಆಮೇಲೆ’ ಎಂದು ಒತ್ತಿ ಸ್ಕೂಲಿಗೆ ಹೊರಡುತ್ತೇನೆ.